ಧಾರವಾಡದಿಂದ ನ್ಯೂಜೆರ್ಸಿಗೆ, ಪಾಯಿಂಟ್ಸ್ ಮೇಲೆ ಎರಡು ನಿಲುಗಡೆಯ ಪ್ರಯಾಣ: ಒಂದು ಪ್ರಕರಣ ಅಧ್ಯಯನ

ಧಾರವಾಡದ ಸಪ್ತಾಪುರದಲ್ಲಿರುವ ನಿವೃತ್ತ ಕನ್ನಡ ಪ್ರಾಧ್ಯಾಪಕರೊಬ್ಬರು ಮತ್ತು ಅವರ ಪತ್ನಿ 2023ರ ಸೆಪ್ಟೆಂಬರ್‌ನಲ್ಲಿ ಮಗಳನ್ನು ಕಾಣಲು ಅಮೆರಿಕದ ನ್ಯೂಜೆರ್ಸಿಗೆ ಹೋಗಿ ಡಿಸೆಂಬರ್‌ನಲ್ಲಿ ಮರಳಿದರು. ಹೋಗುವಾಗ ಒಂದು ಊರಿನಲ್ಲಿ, ಬರುವಾಗ ಇನ್ನೊಂದು ಊರಿನಲ್ಲಿ ಕೆಲವು ದಿನ ಇಳಿದು ಮುಂದೆ ಸಾಗಿದ ಈ ಪ್ರಯಾಣದ ನಾಲ್ಕೂ ಅಂತರರಾಷ್ಟ್ರೀಯ ವಿಮಾನಗಳ ಟಿಕೆಟ್‌ಗಳನ್ನು ಕ್ರೆಡಿಟ್ ಕಾರ್ಡ್ ಬಳಸಿದಂತೆ ಕೂಡುತ್ತ ಹೋಗುವ ಪಾಯಿಂಟ್ಸ್ ಕೊಟ್ಟು ಪಡೆಯಲಾಗಿತ್ತು. ಟಿಕೆಟ್ ಹುಡುಕುವುದರಿಂದ ಹಿಡಿದು ವೀಸಾ ಅರ್ಜಿ ತುಂಬುವವರೆಗಿನ ಕೆಲಸವನ್ನು ಅವರು ನನಗೆ ಒಪ್ಪಿಸಿದ್ದರು. ಹುಬ್ಬಳ್ಳಿಯಲ್ಲಿ ಹಲವು ವರ್ಷ ಟಿಕೆಟ್ ಕೆಲಸ ಮಾಡಿದವನು ನಾನು. ಅವರ ಮನೆಗೆ ಚಿಕ್ಕಂದಿನಿಂದ ಹೋಗಿಬರುತ್ತಿರುವುದರಿಂದ ಅವರನ್ನು ಕಾಕಾ, ಕಾಕು ಎಂದೇ ಕರೆಯುತ್ತೇನೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಯೋಜನೆಯ ಒಂದು ಭಾಗ ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು, ಇನ್ನೊಂದು ಭಾಗ ನನ್ನ ತಪ್ಪಿನಿಂದ ಕೆಟ್ಟು ಮತ್ತೆ ಕಟ್ಟಬೇಕಾಯಿತು. ಎರಡನ್ನೂ ಬಿಡಿಸಿ ಬರೆದರೆ ನಮ್ಮ ಭಾಗದಿಂದ ಹೀಗೆ ಹೊರಡುವ ಹಿರಿಯರಿಗೂ ಅವರ ಮಕ್ಕಳಿಗೂ ಉಪಯೋಗವಾದೀತು ಎಂಬುದು ನನ್ನ ನಂಬಿಕೆ.

ಮೊದಲ ಮಾತುಕತೆ ನಡೆದದ್ದು 2023ರ ಜನವರಿಯಲ್ಲಿ, ಅವರ ಪಡಸಾಲೆಯಲ್ಲಿ. ಮಗಳು ಫೋನಿನಲ್ಲಿದ್ದಳು. ಅವಳ ಬಳಿ ಅಮೆರಿಕದ ಕ್ರೆಡಿಟ್ ಕಾರ್ಡಿನಲ್ಲಿ ವರ್ಷಗಳಿಂದ ಕೂಡಿಬಂದ 2,75,000 ಪಾಯಿಂಟ್ಸ್ ಇದ್ದವು, ಅಪ್ಪ ಅವ್ವನ ಪ್ರಯಾಣ ಅದರಲ್ಲಿಯೇ ಆಗಬೇಕೆಂಬುದು ಅವಳ ಆಸೆ. ಕಾಕು ಹಾಕಿದ ಷರತ್ತು ಬೇರೆ. 2016ರಲ್ಲಿ ಒಮ್ಮೆ ಹೋಗಿ ಬಂದ ಅನುಭವ ಅವರಿಗಿತ್ತು. “ಹೋದ ಸಲ ಇಳಿಯೂದ್ರಾಗ ಮೊಣಕಾಲು ಬಾತು ಎದ್ದು ನಿಲ್ಲಲಿಕ್ಕೇ ಆಗ್ಲಿಲ್ಲ. ಈ ಸಲ ನಡುವ ಎಲ್ಲೆರ ನಾಕ ದಿನ ಮೈ ಚಾಚಿ ಮಲಗಲಿಕ್ಕೆ ಸಿಕ್ರ ಬರತೀನಿ, ಇಲ್ಲಾಂದ್ರ ಅವರೊಬ್ಬರ ಹೋಗಿ ಬರಲಿ” ಎಂದರು. ಕಾಕಾ ಅವರಿಗೆ ನಿಲ್ಲಬೇಕಾದ ಊರೇ ಗೊತ್ತಿತ್ತು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದು ಧಾರವಾಡ, ಹುಬ್ಬಳ್ಳಿ ಸೀಮೆಯಲ್ಲಿ ಕೆಲಸ ಮಾಡಿ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟನ್ನು ನಮಗೆ ಕೊಟ್ಟ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ಕಣ್ಣುಮುಚ್ಚಿದ ಊರು ಜರ್ಮನಿಯ ಟ್ಯೂಬಿಂಗೆನ್. ಬದುಕೆಲ್ಲ ಆ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಪಾಠ ಮಾಡಿದ ಮನುಷ್ಯನಿಗೆ ಆ ಊರಿನ ಬೀದಿಯಲ್ಲಿ ಒಮ್ಮೆ ನಡೆಯಬೇಕೆನಿಸುವುದು ಸಹಜ. “ಅವರು ನಮ್ಮೂರಿಗೆ ಬಂದಿದ್ರು, ನಾವೂ ಒಮ್ಮೆ ಅವರೂರಿಗೆ ಹೋಗಿ ಬರೋಣು” ಎಂದು ಅವರು ಹೇಳಿದ ಮೇಲೆ ಹೋಗುವಾಗಿನ ನಿಲುಗಡೆ ಫ್ರಾಂಕ್‌ಫರ್ಟ್ ಎಂದು ತೀರ್ಮಾನವಾಯಿತು. ಅಲ್ಲಿಂದ ಸ್ಟುಟ್‌ಗಾರ್ಟ್ ಮೂಲಕ ರೈಲಿನಲ್ಲಿ ಟ್ಯೂಬಿಂಗೆನ್ ತಲುಪಬಹುದು. ಬರುವಾಗ ಕಾಕು ಅವರ ತಂಗಿಯ ಮಗನಿರುವ ಮ್ಯೂನಿಕ್‌ನಲ್ಲಿ ಮೂರು ದಿನ ಎಂದುಕೊಂಡೆವು.

ಪಾಯಿಂಟ್ಸ್ ಮತ್ತು ನಿಲುಗಡೆಯ ಲೆಕ್ಕ

ಕಾರ್ಡಿನ ಪಾಯಿಂಟ್ಸ್‌ನಿಂದ ನೇರವಾಗಿ ವಿಮಾನ ಹತ್ತಲಾಗುವುದಿಲ್ಲ. ಅವುಗಳನ್ನು ಒಂದು ವಿಮಾನ ಕಂಪನಿಯ ಖಾತೆಗೆ ವರ್ಗಾಯಿಸಿ, ಆ ಕಂಪನಿಯ ನಿಯಮದಂತೆ ಟಿಕೆಟ್ ಪಡೆಯಬೇಕು. ಮಗಳ ಕಾರ್ಡಿನಿಂದ ಹಲವು ಕಂಪನಿಗಳಿಗೆ ವರ್ಗಾವಣೆ ಸಾಧ್ಯವಿತ್ತು. ನಾನು ಆರಿಸಿದ್ದು ಏರ್ ಕೆನಡಾದ ಏರೋಪ್ಲಾನ್ ಖಾತೆಯನ್ನು, ಅಲ್ಲಿಗೆ ಒಂದಕ್ಕೆ ಒಂದರಂತೆ ಪಾಯಿಂಟ್ಸ್ ಹೋಗುತ್ತವೆ. “ಕೆನಡಾಕ್ಕೆ ಯಾಕ ಹೋಗಬೇಕು?” ಎಂದು ಕಾಕಾ ಕೇಳಿದ್ದು ನ್ಯಾಯವಾದ ಪ್ರಶ್ನೆ. ಹೋಗಬೇಕಾಗಿಲ್ಲ. 1997ರ ಮೇ ತಿಂಗಳಲ್ಲಿ ಏರ್ ಕೆನಡಾ, ಲುಫ್ತಾನ್ಸಾ, ಎಸ್‌ಎಎಸ್, ಥಾಯ್ ಮತ್ತು ಯುನೈಟೆಡ್ ಎಂಬ ಐದು ಕಂಪನಿಗಳು ಸೇರಿ ಸ್ಟಾರ್ ಅಲಯನ್ಸ್ ಎಂಬ ಕೂಟ ಕಟ್ಟಿದವು. ಟರ್ಕಿಶ್ ಏರ್‌ಲೈನ್ಸ್ 2008ರಲ್ಲಿ, ಏರ್ ಇಂಡಿಯಾ 2014ರಲ್ಲಿ ಅದನ್ನು ಸೇರಿದವು. ಕೂಟದ ಒಂದು ಕಂಪನಿಯ ಪಾಯಿಂಟ್ಸ್ ಕೊಟ್ಟು ಇನ್ನೊಂದರ ವಿಮಾನ ಹತ್ತಬಹುದು. ಆದ್ದರಿಂದ ಕೆನಡಾದ ಖಾತೆಯಲ್ಲಿರುವ ಪಾಯಿಂಟ್ಸ್‌ನಿಂದ ಕೆನಡಾದ ನೆಲವನ್ನೇ ಮುಟ್ಟದೆ, ಜರ್ಮನಿಯ ಲುಫ್ತಾನ್ಸಾ ವಿಮಾನದಲ್ಲಿ ಮುಂಬೈಯಿಂದ ನ್ಯೂಜೆರ್ಸಿಯ ವಿಮಾನ ನಿಲ್ದಾಣವಿರುವ ನೆವಾರ್ಕ್‌ಗೆ ಹೋಗಲು ಅಡ್ಡಿಯಿಲ್ಲ.

ಏರೋಪ್ಲಾನ್ ಆರಿಸಲು ನನಗೆ ಎರಡು ಕಾರಣಗಳಿದ್ದವು. ಮೊದಲನೆಯದು, ಕೆಲವು ಕಂಪನಿಗಳು ಪಾಯಿಂಟ್ಸ್ ಪಡೆದೂ ಇಂಧನದ ಹೆಸರಿನಲ್ಲಿ ದೊಡ್ಡ ಮೊತ್ತದ ಸರ್‌ಚಾರ್ಜ್ ಕೇಳುತ್ತವೆ. ಏರೋಪ್ಲಾನ್ ಅದನ್ನು ಹೇರುವುದಿಲ್ಲ, ವಿಮಾನ ನಿಲ್ದಾಣದ ತೆರಿಗೆಗಳನ್ನೂ ಬೇರೆ ಕಂಪನಿಯ ವಿಮಾನವಾದರೆ 39 ಕೆನಡಾ ಡಾಲರ್‌ಗಳ ಬುಕಿಂಗ್ ಶುಲ್ಕವನ್ನೂ ಮಾತ್ರ ಪಡೆಯುತ್ತದೆ. ಎರಡನೆಯದು, ಒಂದು ದಿಕ್ಕಿನ ಪ್ರಯಾಣದಲ್ಲಿಯೇ 5,000 ಪಾಯಿಂಟ್ಸ್ ಹೆಚ್ಚು ಕೊಟ್ಟರೆ ನಡುವೆ ಒಂದು ನಿಲುಗಡೆಗೆ ಅವಕಾಶವಿದೆ, ಅದು 45 ದಿನಗಳವರೆಗೂ ಇರಬಹುದು. ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಒಂದು ಊರಿನಲ್ಲಿ 24 ಗಂಟೆಯೊಳಗೆ ಮುಂದಿನ ವಿಮಾನ ಹತ್ತಿದರೆ ಅದು ಕನೆಕ್ಷನ್, 24 ಗಂಟೆ ದಾಟಿದರೆ ಅದು ಸ್ಟಾಪ್‌ಓವರ್, ಅಂದರೆ ನಿಲುಗಡೆ. ಒಂದು ಗಂಟೆಯ ಅಂತರದಲ್ಲಿ ಪಾಯಿಂಟ್ಸ್ ಲೆಕ್ಕ, ಲಗೇಜಿನ ವ್ಯವಸ್ಥೆ, ವೀಸಾದ ಅಗತ್ಯ ಎಲ್ಲವೂ ಬದಲಾಗಿಬಿಡುತ್ತವೆ.

ಪಾಯಿಂಟ್ಸ್ ಎಷ್ಟು ಎಂಬುದು ಹಾರುವ ಒಟ್ಟು ದೂರದ ಮೇಲೆ ನಿಂತಿದೆ. ನಾವು ಬುಕ್ ಮಾಡಿದಾಗಿನ ಪಟ್ಟಿಯಂತೆ, ಭಾರತವೂ ಯುರೋಪೂ ಸೇರಿದ ವಲಯದಿಂದ ಉತ್ತರ ಅಮೆರಿಕಕ್ಕೆ ಇಕಾನಮಿಯಲ್ಲಿ ಒಂದು ದಿಕ್ಕಿಗೆ 6,001ರಿಂದ 8,000 ಮೈಲಿಯವರೆಗೆ 55,000 ಪಾಯಿಂಟ್ಸ್. 8,000 ಮೈಲಿ ದಾಟಿದರೆ 70,000. ನಡುವೆ ಇಳಿಯುವ ಊರಿನ ಮೂಲಕ ಹೋಗುವ ದೂರವೆಲ್ಲ ಈ ಲೆಕ್ಕದಲ್ಲಿ ಬರುತ್ತದೆ. ಈ 8,000 ಮೈಲಿಯ ಗೆರೆಯೇ ಇಡೀ ಪ್ರಕರಣದ ಬೆನ್ನೆಲುಬು.

ನಮ್ಮ ಕಡೆಯವರಿಗೆ ವಿದೇಶ ಪ್ರಯಾಣವೆಂದರೆ ಮೊದಲು ಬೆಂಗಳೂರು ನೆನಪಾಗುತ್ತದೆ. ಧಾರವಾಡದಿಂದ ರೈಲುಗಳಿವೆ, ಸಂಬಂಧಿಕರಿದ್ದಾರೆ, ಭಾಷೆ ನಮ್ಮದು. ಕಾಕಾ ಕೂಡ ಬೆಂಗಳೂರಿನಿಂದಲೇ ಎಂದು ಹಿಡಿದು ಕೂತಿದ್ದರು. ನಾನು ಅವರ ಕಪಾಟಿನ ಮೇಲಿದ್ದ ಹಳೆಯ ಶಾಲಾ ಗೋಳವನ್ನು ಇಳಿಸಿ, ಕಾಕು ಅವರ ಹೊಲಿಗೆ ಡಬ್ಬಿಯಿಂದ ಒಂದು ಬಿಳಿ ದಾರ ಕೇಳಿ ಪಡೆದೆ. ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ದಾರ ಒತ್ತಿ ಹಿಡಿದು ಫ್ರಾಂಕ್‌ಫರ್ಟ್‌ವರೆಗೆ ಬಿಗಿಯಾಗಿ ಎಳೆದು, ಅಲ್ಲಿಂದ ನ್ಯೂಯಾರ್ಕ್ ಬಳಿಗೆ ಒಯ್ದು, ತುದಿಯಲ್ಲಿ ಒಂದು ಗಂಟು ಹಾಕಿದೆ. ಬಳಿಕ ಮುಂಬೈಯಿಂದ ಅದೇ ರೀತಿ ಎಳೆದಾಗ ಗಂಟು ಅಮೆರಿಕದ ದಡವನ್ನು ದಾಟಿ ಒಳಗೆ ಹೋಗಿ ನಿಂತಿತು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಸುಮಾರು 4,600 ಮೈಲಿ, ಮುಂಬೈಯಿಂದ ಸುಮಾರು 4,080. ಫ್ರಾಂಕ್‌ಫರ್ಟಿನಿಂದ ನೆವಾರ್ಕ್ ಸುಮಾರು 3,870. ಒಟ್ಟು ದೂರ ಬೆಂಗಳೂರಿನಿಂದ ಹೊರಟರೆ 8,400 ಮೈಲಿಗೂ ಹೆಚ್ಚು, ಮುಂಬೈಯಿಂದ ಹೊರಟರೆ 8,000ಕ್ಕೆ ಐವತ್ತು ಮೈಲಿಯಷ್ಟು ಕಡಿಮೆ. ಮ್ಯೂನಿಕ್ ಮೂಲಕವೂ ಮುಂಬೈ ದಾರಿ ಗೆರೆಯ ಒಳಗೇ ಉಳಿಯುತ್ತಿತ್ತು.

ಮುಂಬೈ ದಾರಿಯಲ್ಲಿ ಒಬ್ಬರಿಗೆ ಒಂದು ದಿಕ್ಕಿಗೆ ಟಿಕೆಟ್ಟಿಗೆ 55,000, ನಿಲುಗಡೆಗೆ 5,000, ಒಟ್ಟು 60,000. ಇಬ್ಬರಿಗೆ ಹೋಗಿಬರಲು 2,40,000. ಬೆಂಗಳೂರಿನಿಂದಾದರೆ ಅದೇ ಲೆಕ್ಕ 3,00,000 ಆಗುತ್ತದೆ, ಅಂದರೆ ಮಗಳ ಬಳಿ ಇದ್ದದ್ದಕ್ಕಿಂತ 25,000 ಹೆಚ್ಚು. ಹುಬ್ಬಳ್ಳಿಯಲ್ಲಿ ಕೂತವನಿಗೆ ಬೆಂಗಳೂರು, ಮುಂಬೈ ಎರಡೂ ಹೆಚ್ಚುಕಡಿಮೆ ಒಂದು ರಾತ್ರಿಯ ಬಸ್ಸಿನ ದೂರದಲ್ಲಿವೆ. ದಕ್ಷಿಣದ ಜಿಲ್ಲೆಗಳವರಿಗೆ ಇಲ್ಲದ ಈ ಅನುಕೂಲ ನಮ್ಮ ಭೂಗೋಳ ನಮಗೆ ಕೊಟ್ಟದ್ದು, ಅದನ್ನು ಬಳಸದೆ ಬಿಡಬಾರದು. ಕಾಕಾ ಗೋಳವನ್ನು ಮತ್ತೊಮ್ಮೆ ತಿರುಗಿಸಿ ನೋಡಿ, ಮುಂಬೈಗೆ ಒಪ್ಪಿದರು.

ಸೀಟು ಹುಡುಕಿದ ಬಗೆ

ಪಾಯಿಂಟ್ಸ್ ಮೇಲೆ ಕೊಡುವ ಸೀಟುಗಳು ಪ್ರತಿ ವಿಮಾನದಲ್ಲಿಯೂ ಕೆಲವೇ ಇರುತ್ತವೆ; ಹಣ ಕೊಟ್ಟರೆ ಸಿಗುವ ಸೀಟು ಪಾಯಿಂಟ್ಸಿಗೆ ಸಿಗಬೇಕೆಂದಿಲ್ಲ. ನಾನು ಮೊದಲು ಪ್ರತಿ ಹಾರಾಟವನ್ನೂ ಬಿಡಿಬಿಡಿಯಾಗಿ ಹುಡುಕಿದೆ: ಮುಂಬೈ–ಫ್ರಾಂಕ್‌ಫರ್ಟ್ ಒಂದು, ಫ್ರಾಂಕ್‌ಫರ್ಟ್–ನೆವಾರ್ಕ್ ಒಂದು. ಇಬ್ಬರಿಗೆ ಸೀಟಿರುವ ದಿನಗಳನ್ನು ಎರಡು ಕಾಲಂಗಳಲ್ಲಿ ಬರೆದುಕೊಂಡು, ನಡುವೆ ಐದಾರು ದಿನಗಳ ಅಂತರ ಬರುವ ಜೋಡಿಯನ್ನು ಆರಿಸಿ, ಕೊನೆಗೆ ನಿಲುಗಡೆ ಸೇರಿಸಿ ಒಟ್ಟಿಗೆ ಹುಡುಕಿದೆ. ಒಬ್ಬರಿಗೆ ಎಂದು ಹುಡುಕಿದರೆ ಸೀಟು ಬೇಗ ಕಾಣುತ್ತದೆ, ಆದರೆ ಹಿರಿಯ ದಂಪತಿಯನ್ನು ಬೇರೆ ಬೇರೆ ವಿಮಾನದಲ್ಲಿ ಕಳಿಸುವ ಪ್ರಶ್ನೆಯೇ ಇಲ್ಲದ್ದರಿಂದ ಮೊದಲಿನಿಂದಲೂ ಇಬ್ಬರೆಂದೇ ಹುಡುಕಬೇಕು.

ಪರದೆಯ ಮೇಲೆ ಕಾಣುವ, ಆದರೆ ಕೊನೆಯ ಗುಂಡಿ ಒತ್ತಿದಾಗ ಇಲ್ಲವಾಗುವ ಸೀಟುಗಳು ಈ ವ್ಯವಹಾರದಲ್ಲಿ ಸಾಮಾನ್ಯ. ಕಾರ್ಡಿನಿಂದ ವಿಮಾನ ಕಂಪನಿಗೆ ಹೋದ ಪಾಯಿಂಟ್ಸ್ ಮರಳಿ ಕಾರ್ಡಿಗೆ ಬರುವುದಿಲ್ಲವಾದ್ದರಿಂದ, ಸೀಟು ನಿಜವಾಗಿಯೂ ಇದೆಯೇ ಎಂಬುದನ್ನು ಅದೇ ಕೂಟದ ಇನ್ನೊಂದು ಕಂಪನಿಯ ಜಾಲತಾಣದಲ್ಲಿಯೂ ನೋಡಿ ಖಚಿತಪಡಿಸಿಕೊಳ್ಳದೆ ವರ್ಗಾವಣೆ ಮಾಡಬೇಡ ಎಂದು ಮಗಳಿಗೆ ಹೇಳಿದ್ದೆ. ಎರಡೂ ಕಡೆ ಒಂದೇ ವಿಮಾನ ಕಂಡ ಮೇಲೆ ಅವಳು ಹೋಗುವ ಪ್ರಯಾಣಕ್ಕೆ ಬೇಕಾದ 1,20,000 ಪಾಯಿಂಟ್ಸ್ ಮಾತ್ರ ಕಳಿಸಿದಳು. ಕೆಲವೇ ನಿಮಿಷಗಳಲ್ಲಿ ಅವು ಬಂದು ಸೇರಿದವು. ಮೂರು ದಿನಗಳ ಬಳಿಕ ಮರಳುವ ಸೀಟು ಸಿಕ್ಕಾಗ ಇನ್ನೊಂದು 1,20,000 ಕಳಿಸಿದಳು. ಉಳಿದ 35,000 ಕಾರ್ಡಿನಲ್ಲಿಯೇ ಇದ್ದವು. ಎಲ್ಲವನ್ನೂ ಒಮ್ಮೆಲೇ ಕಳಿಸದೆ ಉಳಿಸಿಕೊಂಡದ್ದು ಮುಂದೆ ನಮ್ಮನ್ನು ಕಾಯಿತು.

ಹೋಗುವುದನ್ನೂ ಬರುವುದನ್ನೂ ಎರಡು ಬೇರೆ ಬುಕಿಂಗ್ ಮಾಡಿದ್ದು ಯೋಚಿಸಿ ಮಾಡಿದ ಕೆಲಸ. ಏರೋಪ್ಲಾನ್‌ನಲ್ಲಿ ಹೋಗಿಬರುವ ಟಿಕೆಟ್ಟಿನ ಬೆಲೆ ಎರಡು ಒಂಟಿ ದಿಕ್ಕುಗಳ ಮೊತ್ತವೇ ಆಗಿರುವುದರಿಂದ ಬೇರೆ ಮಾಡಿದರೆ ಪಾಯಿಂಟ್ಸ್‌ನಲ್ಲಿ ನಷ್ಟವಿಲ್ಲ, ಒಂದನ್ನು ಬದಲಿಸಬೇಕಾಗಿ ಬಂದರೆ ಇನ್ನೊಂದು ಅಲುಗುವುದಿಲ್ಲ. ಆ ವಿಚಾರ ಇಂದಿಗೂ ಸರಿಯೆಂದೇ ನಂಬುತ್ತೇನೆ. ಆದರೆ ಅದೇ ಬೇರ್ಪಡೆಯ ಕಾರಣ ನನ್ನಿಂದ ಒಂದು ತಪ್ಪಾಯಿತು, ಅದನ್ನು ಮುಂದೆ ಹೇಳುತ್ತೇನೆ.

ಟಿಕೆಟ್ ಬಂದ ಮೇಲೆ ಎರಡು ಕೆಲಸ ಬಾಕಿ ಇರುತ್ತವೆ. ಏರ್ ಕೆನಡಾ ಕೊಟ್ಟ ಬುಕಿಂಗ್ ಸಂಖ್ಯೆ ಬೇರೆ, ಅದೇ ಪ್ರಯಾಣಕ್ಕೆ ಲುಫ್ತಾನ್ಸಾದ ಬಳಿ ಇರುವ ಸಂಖ್ಯೆ ಬೇರೆ. ಸೀಟು ಆರಿಸಲು, ಸಸ್ಯಾಹಾರ ಹೇಳಲು, ಗಾಲಿಕುರ್ಚಿ ಕೇಳಲು ವಿಮಾನ ಹಾರಿಸುವ ಕಂಪನಿಯ ಸಂಖ್ಯೆ ಬೇಕಾಗುತ್ತದೆ. ಪಾಯಿಂಟ್ಸ್ ಟಿಕೆಟ್ ಎಂಬ ಕಾರಣಕ್ಕೆ ಗಾಲಿಕುರ್ಚಿಯ ಸೌಲಭ್ಯದಲ್ಲಿ ಯಾವ ಕಡಿತವೂ ಇಲ್ಲ. ಆದರೂ ಕಾಕು ಕೇಳಲು ಸಂಕೋಚಪಟ್ಟರು. ಮೆಟ್ಟಿಲು ಹತ್ತಬಲ್ಲ, ದೂರ ನಡೆಯಲಾರದ ಪ್ರಯಾಣಿಕರಿಗೆಂದೇ ಅದರಲ್ಲಿ ಬೇರೆ ವರ್ಗವಿದೆ ಎಂದು ತಿಳಿಸಿದಾಗ ಒಪ್ಪಿದರು.

ವೀಸಾ ಅರ್ಜಿಯಲ್ಲಿ ಆದ ತಪ್ಪು

ಅಮೆರಿಕದ ವೀಸಾ 2016ರಲ್ಲಿಯೇ ಹತ್ತು ವರ್ಷಕ್ಕೆ ಸಿಕ್ಕಿತ್ತು. ಜರ್ಮನಿಯಲ್ಲಿ ಇಳಿಯಲು ಷೆಂಗೆನ್ ವೀಸಾ, ಅಂದರೆ ಜರ್ಮನಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಅರ್ಜಿ ಹಾಕುವಂತಿಲ್ಲ, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಇರಬೇಕು. ಶುಲ್ಕ ಆಗ 80 ಯೂರೋ. ಜೂನ್ ತಿಂಗಳಲ್ಲಿ ದಂಪತಿಯನ್ನು ಬೆಂಗಳೂರಿಗೆ ಕರೆದೊಯ್ದು ಅರ್ಜಿ ಸಲ್ಲಿಸಿದೆವು.

ಅರ್ಜಿಯಲ್ಲಿ “ಎಷ್ಟು ಸಲ ಪ್ರವೇಶ ಬೇಕು” ಎಂಬ ಒಂದು ಪ್ರಶ್ನೆಯಿದೆ: ಒಂದು, ಎರಡು ಅಥವಾ ಹಲವು. ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್, ಅಲ್ಲಿಂದ ಅಮೆರಿಕ, ಡಿಸೆಂಬರ್‌ನಲ್ಲಿ ಮ್ಯೂನಿಕ್ ಎಂದಾದಾಗ ಪ್ರವೇಶ ಎರಡು. ನಾನು ಒಂದು ಎಂದು ಗುರುತು ಹಾಕಿದೆ. ಹಾಗಾಗಲು ಕಾರಣವನ್ನೂ ಬರೆಯಬೇಕು. ಅರ್ಜಿ ತುಂಬುವಾಗ ನನ್ನ ಮುಂದೆ ಹೋಗುವ ಬುಕಿಂಗ್‌ನ ಕಡತ ಮಾತ್ರ ತೆರೆದಿತ್ತು. ಬರುವ ಬುಕಿಂಗ್ ಬೇರೆ ಕಡತದಲ್ಲಿತ್ತು, ಅದನ್ನು ನಾನು ಅರ್ಜಿಗೆ ಲಗತ್ತಿಸಲೂ ಇಲ್ಲ. ಎರಡು ಬುಕಿಂಗ್ ಎಂದು ಎಣಿಸಿ ಎಣಿಸಿ, ಗಡಿ ಕಾಯುವವರ ಕಣ್ಣಿಗೆ ಅದು ಒಂದೇ ಪ್ರಯಾಣ ಎಂಬುದು ಆ ಹೊತ್ತಿಗೆ ನನ್ನ ಮನಸ್ಸಿನಿಂದ ಜಾರಿತ್ತು.

ಜುಲೈಯಲ್ಲಿ ಪಾಸ್‌ಪೋರ್ಟ್‌ಗಳು ಮರಳಿ ಬಂದವು. ಕಾಕಾ ಲಕೋಟೆ ಬಿಚ್ಚಿ, ಹಸಿರು ಛಾಯೆಯ ವೀಸಾ ಚೀಟಿಯ ಮೇಲೆ ಭೂತಕನ್ನಡಿ ಹಿಡಿದು, ಪ್ರೂಫ್ ತಿದ್ದುವವರಂತೆ ಒಂದೊಂದೇ ಸಾಲು ಓದಿದರು. ಹೆಸರು ಸರಿ, ದಿನಾಂಕ ಸರಿ. “ಇಲ್ಲೆ ಸೊನ್ನೆ ಒಂದು ಅಂತ ಬರದಾರಲ್ಲಪಾ, ಏನದು?” ಎಂದು ಕೇಳಿದರು. ಪ್ರವೇಶಗಳ ಸಂಖ್ಯೆ ಬರೆಯುವ ಜಾಗ ಅದು. ಎರಡು ಸಲಕ್ಕೆ 02, ಹಲವು ಸಲಕ್ಕೆ ‘ಮಲ್ಟ್’ ಎಂದಿರುತ್ತದೆ. ಕೇಳಿದ್ದನ್ನೇ ಅವರು ಕೊಟ್ಟಿದ್ದರು. ಮ್ಯೂನಿಕ್‌ನ ಮೂರು ದಿನ ಆ ಎರಡು ಅಂಕಿಗಳಲ್ಲಿ ಮುಗಿದುಹೋಗಿದ್ದವು, ಮತ್ತೆ ಅರ್ಜಿ ಹಾಕಿ ಎರಡನೆಯ ವೀಸಾ ಪಡೆಯಲು ಸಮಯ ಸಾಲುತ್ತಿರಲಿಲ್ಲ. ಕಾಕು ಒಂದು ಮಾತೂ ಆಡಲಿಲ್ಲ, ಒಳಗೆ ಹೋಗಿ ಚಹಾ ಮಾಡಿ ತಂದರು. ನನ್ನ ವೃತ್ತಿಯಲ್ಲಿ ಅಷ್ಟು ಭಾರವಾದ ಚಹಾ ಕುಡಿದ ನೆನಪಿಲ್ಲ.

ಬರುವ ದಾರಿಯನ್ನು ಮತ್ತೆ ಕಟ್ಟಿದ್ದು

ಆ ಸಂಜೆ ನಾವು ಮೂರು ದಾರಿಗಳನ್ನು ಎದುರಿಗಿಟ್ಟುಕೊಂಡೆವು. ನಿಲುಗಡೆ ಬಿಟ್ಟು ಮ್ಯೂನಿಕ್‌ನಲ್ಲಿ ವಿಮಾನ ಮಾತ್ರ ಬದಲಿಸುವುದು ಎಲ್ಲಕ್ಕಿಂತ ಅಗ್ಗ. ಅಮೆರಿಕದ ಚಾಲ್ತಿ ವೀಸಾ ಇರುವವರಿಗೆ ಷೆಂಗೆನ್ ನಾಡುಗಳ ವಿಮಾನ ನಿಲ್ದಾಣದ ಟ್ರಾನ್ಸಿಟ್ ವೀಸಾದಿಂದ ವಿನಾಯಿತಿ ಇರುವುದರಿಂದ ತೊಡಕೂ ಇಲ್ಲ, 10,000 ಪಾಯಿಂಟ್ಸ್ ಮರಳಿ ಸಿಗುತ್ತಿದ್ದವು. ಆದರೆ ಕಾಕು ಮೊದಲ ದಿನವೇ ಹಾಕಿದ ಷರತ್ತು ಅಲ್ಲಿ ಮುರಿಯುತ್ತಿತ್ತು. ಲಂಡನ್ನಿನಲ್ಲಿ 24 ಗಂಟೆಯೊಳಗೆ ಒಂದು ರಾತ್ರಿ ತಂಗುವುದು ಇನ್ನೊಂದು ದಾರಿ. ಅಮೆರಿಕದ ವೀಸಾ ಇದ್ದವರಿಗೆ ಮರುದಿನ ಮಧ್ಯರಾತ್ರಿಯೊಳಗೆ ಹೊರಡುವ ಷರತ್ತಿನ ಮೇಲೆ ವೀಸಾ ಇಲ್ಲದೆ ಹೊರಗೆ ಬಿಡುವ ಪದ್ಧತಿ ಅಲ್ಲಿದೆ, ದೂರವೂ 8,000ದ ಒಳಗೆ. ಆದರೆ ಬಿಡುವುದು ಬಿಡದಿರುವುದು ಗಡಿಯ ಅಧಿಕಾರಿಯ ವಿವೇಚನೆ, ಸಿಗುವುದು ಒಂದೇ ರಾತ್ರಿ. ವಯಸ್ಸಾದವರನ್ನು ಅಂಥ ಅನಿಶ್ಚಯದ ಮೇಲೆ ಕಳಿಸಲು ನನಗೆ ಧೈರ್ಯವಾಗಲಿಲ್ಲ.

ಉಳಿದದ್ದು ಇಸ್ತಾಂಬುಲ್. ಟರ್ಕಿಶ್ ಏರ್‌ಲೈನ್ಸ್ ನೆವಾರ್ಕ್‌ನಿಂದ ಇಸ್ತಾಂಬುಲ್‌ಗೂ ಅಲ್ಲಿಂದ ಮುಂಬೈಗೂ ಹಾರುತ್ತದೆ. ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ನಾಡುಗಳ ಚಾಲ್ತಿ ವೀಸಾ ಇರುವ ಭಾರತೀಯರು ಟರ್ಕಿಯ ಇ-ವೀಸಾವನ್ನು ಮನೆಯಲ್ಲಿ ಕೂತೇ ಪಡೆಯಬಹುದು. ಒಂದು ಪ್ರವೇಶ, 30 ದಿನ. ಕಾಕಾ ಮತ್ತೆ ಗೋಳ ಇಳಿಸಿದರು, ಈ ಸಲ ದಾರ ಎಳೆದದ್ದು ಅವರೇ. ನೆವಾರ್ಕ್‌ನಿಂದ ಇಸ್ತಾಂಬುಲ್ 5,000 ಮೈಲಿಗೆ ಸ್ವಲ್ಪ ಮೇಲೆ, ಅಲ್ಲಿಂದ ಮುಂಬೈ ಸುಮಾರು 3,000. ಒಟ್ಟು 8,000ದ ಗೆರೆಯನ್ನು ಕೂದಲೆಳೆಯಷ್ಟು ದಾಟುತ್ತದೆ. ದಾರದಲ್ಲಿ ಕಾಣದ ಆ ವ್ಯತ್ಯಾಸಕ್ಕೆ ಪಟ್ಟಿಯಲ್ಲಿ ತಲಾ 15,000 ಪಾಯಿಂಟ್ಸ್. ಟಿಕೆಟ್ಟಿಗೆ 70,000, ನಿಲುಗಡೆಗೆ 5,000, ಇಬ್ಬರಿಗೆ 1,50,000. ಮೊದಲು ಕೊಟ್ಟಿದ್ದ 1,20,000 ಕಳೆದರೆ ಇನ್ನೂ 30,000 ಬೇಕು. ಕಾರ್ಡಿನಲ್ಲಿ ಉಳಿದಿದ್ದದ್ದು 35,000.

ಪಾಯಿಂಟ್ಸ್ ಉಳಿಸುವುದನ್ನೇ ಜಾಣತನವೆಂದು ತಿಳಿದವರು ಇದನ್ನು ದುಂದು ಎನ್ನಬಹುದು. ಐವತ್ತು ಮೈಲಿ ಒಳಗುಳಿಯಲು ಬೆಂಗಳೂರನ್ನು ಬಿಟ್ಟು ಮುಂಬೈ ಹಿಡಿದವರು ನಾವೇ ಅಲ್ಲವೇ ಎಂದು ಕೇಳಬಹುದು. ನನ್ನ ಅಭಿಪ್ರಾಯ ಬೇರೆ. ಮುಂಬೈಯಿಂದ ಹೊರಟಾಗ ದಂಪತಿ ಏನನ್ನೂ ಕಳೆದುಕೊಳ್ಳಲಿಲ್ಲ, ಆದ್ದರಿಂದ ಅಲ್ಲಿ ಉಳಿಸಿದ್ದು ಸರಿ. ಇಲ್ಲಿ 30,000 ಉಳಿಸಲು ಹೋದರೆ ಕಾಕು ಅವರ ಮೊಣಕಾಲು ಅದರ ಬೆಲೆ ತೆರಬೇಕಾಗುತ್ತಿತ್ತು. ಅಲ್ಲದೆ ಕಾರ್ಡಿನಲ್ಲಿ ಕೂತ ಪಾಯಿಂಟ್ಸ್ ಬ್ಯಾಂಕಿನ ಠೇವಣಿಯಲ್ಲ. ಅದಕ್ಕೆ ಬಡ್ಡಿ ಬರುವುದಿಲ್ಲ, ಕಂಪನಿಗಳು ತಮ್ಮ ಪಟ್ಟಿಯನ್ನು ಏರಿಸಿದ ದಿನ ಅದರ ಬೆಲೆ ಇಳಿಯುತ್ತದೆ. ಮಗಳಿಗೆ ಇದನ್ನೆಲ್ಲ ವಿವರಿಸುವ ಮೊದಲೇ ಅವಳು, “ಅವ್ವಗ ಎರಡು ರಾತ್ರಿ ಛಲೋ ನಿದ್ದಿ ಆದ್ರ ಸಾಕು” ಎಂದು ವರ್ಗಾವಣೆಗೆ ಕೂತಿದ್ದಳು. ಅದಕ್ಕೆ ಮೊದಲು ಎರಡೂ ಹಾರಾಟಗಳಲ್ಲಿ ಇಬ್ಬರಿಗೆ ಸೀಟಿರುವುದನ್ನು ಇನ್ನೊಂದು ಜಾಲತಾಣದಲ್ಲಿ ನೋಡಿಕೊಂಡೆವು. ಬುಕಿಂಗ್ ಬದಲಿಸಲು ಆದ ಶುಲ್ಕವನ್ನು ನಾನು ಕೊಟ್ಟೆ. ಕಾಕಾ ಬೇಡವೆಂದರೂ ಅದು ನನ್ನ ಪಾಲಿನದೇ ಆಗಿತ್ತು. ಹೋಗುವ ಬುಕಿಂಗ್ ಇದಾವುದಕ್ಕೂ ಸಿಗದೆ ಹಾಗೆಯೇ ಉಳಿಯಿತು.

ಮ್ಯೂನಿಕ್‌ನಲ್ಲಿದ್ದ ಹುಡುಗನಿಗೆ ವಿಷಯ ತಿಳಿಸಿದಾಗ, ತಾನೇ ಸೆಪ್ಟೆಂಬರ್‌ನ ವಾರಾಂತ್ಯದಲ್ಲಿ ಟ್ಯೂಬಿಂಗೆನ್‌ಗೆ ಬಂದು ದೊಡ್ಡವ್ವನನ್ನು ಕಾಣುವುದಾಗಿ ಹೇಳಿದ.

ಹುಬ್ಬಳ್ಳಿಯಿಂದ ಮುಂಬೈ

ಹುಬ್ಬಳ್ಳಿ–ಮುಂಬೈ ವಿಮಾನ ಇಂಡಿಗೋದ್ದು, ಅದು ಸ್ಟಾರ್ ಅಲಯನ್ಸ್‌ನಲ್ಲಿಲ್ಲ, ಆದ್ದರಿಂದ ಈ ಹಾರಾಟಕ್ಕೆ ಬೇರೆಯೇ ಟಿಕೆಟ್ ಕೊಂಡೆವು. ಬೇರೆ ಟಿಕೆಟ್ ಎಂದರೆ ಬೇರೆ ಹೊಣೆ: ಮಳೆಯಿಂದಲೋ ಮೋಡದಿಂದಲೋ ಹುಬ್ಬಳ್ಳಿಯ ವಿಮಾನ ತಡವಾಗಿ ಮುಂಬೈಯ ವಿಮಾನ ತಪ್ಪಿದರೆ ಯಾರೂ ಹೊಸ ಟಿಕೆಟ್ ಕೊಡುವುದಿಲ್ಲ, ಪಾಯಿಂಟ್ಸ್ ಟಿಕೆಟ್ಟಿನ ಮುಂದಿನ ಹಾರಾಟಗಳೂ ರದ್ದಾಗುತ್ತವೆ. ಸೆಪ್ಟೆಂಬರ್ ಎಂದರೆ ಮಳೆಗಾಲ ಇನ್ನೂ ಮುಗಿಯದ ತಿಂಗಳು. ಹಾಗಾಗಿ ಒಂದು ದಿನ ಮೊದಲೇ ಹೊರಟು ಮುಲುಂಡದ ಸಂಬಂಧಿಕರ ಮನೆಯಲ್ಲಿ ತಂಗುವಂತೆ ಮಾಡಿದೆ. ಯುರೋಪಿಗೆ ಹೋಗುವ ವಿಮಾನ ಮುಂಬೈ ಬಿಡುವುದು ನಡುರಾತ್ರಿ ಕಳೆದ ಮೇಲೆ. ಟಿಕೆಟ್ಟಿನ ಮೇಲಿನ ತಾರೀಖು 12 ಎಂದಿದ್ದರೆ ಮುಂಬೈಯ ಆ ಮನೆ ಬಿಡಬೇಕಾದದ್ದು 11ರ ರಾತ್ರಿ. ಇದರಲ್ಲಿ ಮೋಸಹೋಗಿ ಒಂದು ದಿನ ತಡವಾಗಿ ನಿಲ್ದಾಣಕ್ಕೆ ಬಂದವರನ್ನು ನಾನು ಕಂಡಿದ್ದೇನೆ. ಕಾಕು ಅವರ ಕ್ಯಾಲೆಂಡರಿನಲ್ಲಿ 11ನೇ ತಾರೀಖಿನ ಮನೆಯೊಳಗೆ ಕೆಂಪು ಪೆನ್ನಿನಲ್ಲಿ “ರಾತ್ರಿ 10ಕ್ಕೆ ಬಿಡುವುದು” ಎಂದು ಬರೆದು ಬಂದೆ.

ಲಗೇಜಿನ ವಿಷಯದಲ್ಲಿಯೂ ನಿಲುಗಡೆ ತನ್ನ ಲೆಕ್ಕ ಕೇಳುತ್ತದೆ. ದೇಶದೊಳಗಿನ ಹಾರಾಟದಲ್ಲಿ ತಲಾ 15 ಕಿಲೋ ಮಾತ್ರ ಉಚಿತ, ಮುಂದಿನ ವಿಮಾನಕ್ಕೆಂದು ತುಂಬಿದ 23 ಕಿಲೋ ಪೆಟ್ಟಿಗೆಗೆ ಹುಬ್ಬಳ್ಳಿಯಲ್ಲಿ ಹೆಚ್ಚಿನ ಹಣ ಕೊಡಬೇಕು. ಅದಕ್ಕಿಂತ ಮುಖ್ಯವಾದದ್ದು, 24 ಗಂಟೆ ದಾಟಿದ ನಿಲುಗಡೆಯಲ್ಲಿ ಪೆಟ್ಟಿಗೆಗಳು ನೇರವಾಗಿ ಅಮೆರಿಕಕ್ಕೆ ಹೋಗುವುದಿಲ್ಲ. ಫ್ರಾಂಕ್‌ಫರ್ಟಿನಲ್ಲಿಯೇ ಕೈಗೆ ಬರುತ್ತವೆ, ಅಲ್ಲಿಯ ಕಸ್ಟಮ್ಸ್ ದಾಟಬೇಕಾಗುತ್ತದೆ. ಹೊರಗಿನ ದೇಶಗಳಿಂದ ಪ್ರಯಾಣಿಕರು ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಯುರೋಪಿನ ಒಕ್ಕೂಟದೊಳಗೆ ಒಯ್ಯುವುದಕ್ಕೆ ನಿಷೇಧವಿದೆ. ಮಗಳಿಗೆಂದು ಕಟ್ಟಿಸಿದ್ದ ಎರಡು ಕಿಲೋ ಪೇಡೆ ಖೋವಾದ್ದು. ಅದು ಮಿಠಾಯಿಯೋ ಹಾಲಿನ ಪದಾರ್ಥವೋ ಎಂಬ ವಾದವನ್ನು ಪರದೇಶದ ಅಧಿಕಾರಿಯ ಮುಂದೆ ಹೂಡುವುದು ಬೇಡವೆಂದು ಹೇಳಿದೆ. ಕಾಕು ಪೇಡೆಯ ಪೊಟ್ಟಣ ಹೊರಗೆ ತೆಗೆದು, ಆ ಜಾಗದಲ್ಲಿ ಕಟಕ್ ರೊಟ್ಟಿಯ ಡಬ್ಬಿಯನ್ನೂ ಶೇಂಗಾ ಚಟ್ನಿಯನ್ನೂ ಇಟ್ಟರು.

ನಡೆದದ್ದು

ಹೋಗುವ ಪ್ರಯಾಣ ಬರೆದಿಟ್ಟಂತೆಯೇ ನಡೆಯಿತು. ಬೆಳಿಗ್ಗೆ ಫ್ರಾಂಕ್‌ಫರ್ಟಿನಲ್ಲಿ ಇಳಿದು, ಗಾಲಿಕುರ್ಚಿಯವರ ನೆರವಿನಿಂದ ಹೊರಬಂದು, ನಿಲ್ದಾಣದಿಂದಲೇ ಹೊರಡುವ ರೈಲು ಹಿಡಿದು ಮಧ್ಯಾಹ್ನಕ್ಕೆ ಟ್ಯೂಬಿಂಗೆನ್ ತಲುಪಿದರು. ಅಲ್ಲಿ ಐದು ರಾತ್ರಿ ಇದ್ದರು. ಕಾಕಾ ನನಗೆ ಕಳಿಸಿದ ಚಿತ್ರಗಳಲ್ಲಿ ನೆಕ್ಕಾರ್ ನದಿಯ ಸೇತುವೆಯ ಮೇಲೆ ನಿಂತದ್ದು ಒಂದು, ತಂಗಿಯ ಮಗನ ತೋಳು ಹಿಡಿದು ಕಲ್ಲುಹಾಸಿನ ಓಣಿಯಲ್ಲಿ ಕಾಕು ನಡೆಯುತ್ತಿರುವುದು ಇನ್ನೊಂದು. ನೆವಾರ್ಕ್‌ನಲ್ಲಿ ಇಳಿದಾಗ ಕಾಕು ಗಾಲಿಕುರ್ಚಿಯಿಂದ ತಾವೇ ಎದ್ದು ಮೊಮ್ಮಗಳ ಕಡೆಗೆ ನಡೆದರೆಂದು ಮಗಳು ಹೇಳಿದಳು.

ಡಿಸೆಂಬರ್‌ನಲ್ಲಿ ಇಸ್ತಾಂಬುಲ್‌ನ ಎರಡು ರಾತ್ರಿಗಳನ್ನು ಅವರು ಹೆಚ್ಚಾಗಿ ಹೋಟೆಲಿನಲ್ಲಿಯೇ ಕಳೆದರು, ಒಂದು ಮಧ್ಯಾಹ್ನ ಮಾತ್ರ ದೋಣಿಯಲ್ಲಿ ಬಾಸ್ಫರಸ್ ನೋಡಿ ಬಂದರು. ಇ-ವೀಸಾದ ಮುದ್ರಿತ ಪ್ರತಿಯ ಜೊತೆಗೆ ಅಮೆರಿಕದ ವೀಸಾ ಇರುವ ಪುಟವನ್ನೂ ಅಧಿಕಾರಿ ಕೇಳಿ ನೋಡಿದರಂತೆ. ಎರಡಕ್ಕೂ ಗುರುತಿಗೆಂದು ಒಂದೊಂದು ಚೀಟಿ ಅಂಟಿಸಿ ಕೊಟ್ಟಿದ್ದರಿಂದ ಹುಡುಕಬೇಕಾಗಲಿಲ್ಲ.

ಆ ಬಳಿಕ ನಾನು ನಿಲುಗಡೆಯಿರುವ ಯಾವ ಪ್ರಯಾಣಕ್ಕೂ ಸೀಟು ಹುಡುಕುವ ಮೊದಲು ಒಂದು ಹಾಳೆಯ ಮೇಲೆ ದಾಟಬೇಕಾದ ಗಡಿಗಳನ್ನು ದಾಟುವ ಕ್ರಮದಲ್ಲಿಯೇ ಬರೆದು, ಪ್ರತಿಯೊಂದರ ಮುಂದೆ ಯಾವ ವೀಸಾ, ಎಷ್ಟನೆಯ ಪ್ರವೇಶ ಎಂದು ತುಂಬುತ್ತೇನೆ. ಬುಕಿಂಗ್ ಎರಡಿರಲಿ ನಾಲ್ಕಿರಲಿ, ಆ ಹಾಳೆ ಒಂದೇ ಇರುತ್ತದೆ, ವೀಸಾ ಅರ್ಜಿಯನ್ನು ಅದನ್ನು ನೋಡಿಯೇ ತುಂಬುತ್ತೇನೆ. ದೂರದ ಲೆಕ್ಕ ಅದರ ನಂತರ, ಸೀಟಿನ ಹುಡುಕಾಟ ಕೊನೆಗೆ.

ಮುಂಬೈಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಅವರು ಹುಬ್ಬಳ್ಳಿಯಲ್ಲಿ ಇಳಿದಾಗ ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಹೊರಗೆ ನಾನು ಕಾರಿನೊಡನೆ ನಿಂತಿದ್ದೆ. ಮಗಳ ಕಾರ್ಡಿನಲ್ಲಿ 5,000 ಪಾಯಿಂಟ್ಸ್ ಉಳಿದಿದ್ದವು. ಧಾರವಾಡದ ದಾರಿಯಲ್ಲಿ ನಮ್ಮ ಪಕ್ಕದಿಂದ ಚಿಗರಿ ಬಸ್ಸೊಂದು ಮುಂದೆ ಹೋಯಿತು. ಕಾಕು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು, ಮೊಣಕಾಲಿನ ಮೇಲೆ ಕೈಯಾಡಿಸಿ, “ಬಾತಿಲ್ಲ ನೋಡಪಾ” ಎಂದರು.